ಬಾಗಿಲು ತೆರೆದರೆ ಸಾಕಾಗಲಿಲ್ಲ

ಅಮೆರಿಕದಲ್ಲಿ ಕಪ್ಪು ಜನರ ಗುಲಾಮಗಿರಿ ರದ್ದಾಗಿದ್ದು 1865ರಲ್ಲಿ. ಎರಡೇ ವರ್ಷಕ್ಕೆ ವಾಷಿಂಗ್ಟನ್‌ನಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯ ಶುರುವಾಯಿತು. ಬೇರೆ ಕಾಲೇಜುಗಳು ಒಳಗೆ ಬಿಡದ ಕಾಲದಲ್ಲಿ ಅವರ ವೈದ್ಯರು, ವಕೀಲರು, ಮೇಷ್ಟ್ರುಗಳು ತಯಾರಾಗಿದ್ದು ಇಂಥ ಕಡೆಯೇ.

ನಮ್ಮ ಕರ್ನಾಟಕದಲ್ಲೂ ಅಂಥದ್ದೊಂದು ಕಥೆ ಇದೆ. 1892ರಲ್ಲಿ ವಕೀಲ ಕುದ್ಮುಲ್ ರಂಗರಾಯರು ಮಂಗಳೂರಿನ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ರಾಯರು ಜಗ್ಗಲಿಲ್ಲ. ಕೂಲಿಗೆ ಹೋಗುವ ಮಕ್ಕಳು ಶಾಲೆಗೆ ಬರಲೆಂದು ಮಧ್ಯಾಹ್ನ ಊಟ ಹಾಕಿದರು, ಕೈಗೆ ಕಾಸೂ ಕೊಟ್ಟರು. ಮುಂದೆ ಹಾಸ್ಟೆಲ್, ಕೈಕಸುಬಿನ ತರಬೇತಿ ಬಂದವು.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಆಗ ಮೈಸೂರು ಸಂಸ್ಥಾನದಲ್ಲಿದ್ದವು. 1910ರ ದಶಕದಲ್ಲಿ ಸಂಸ್ಥಾನವು ಸರ್ಕಾರಿ ಶಾಲೆಗಳ ಬಾಗಿಲನ್ನು ಎಲ್ಲ ಜಾತಿಗೂ ತೆರೆಯಿತು. ಮೇಲ್ಜಾತಿಯವರು ಕೆಲವೆಡೆ ಮಕ್ಕಳನ್ನೇ ಬಿಡಿಸಿಕೊಂಡರು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ದೂರದ ಹಟ್ಟಿಯ ಹುಡುಗ ಹೈಸ್ಕೂಲು ಮುಗಿಸುವನೇ? ರಾತ್ರಿ ಮಲಗಲು ಜಾಗ ಬೇಕು, ಹೊಟ್ಟೆಗೆ ಮುದ್ದೆ ಬೇಕು.

ಅದನ್ನು ಕೊಟ್ಟಿದ್ದು ಹಾಸ್ಟೆಲ್. 1970ರ ದಶಕದಲ್ಲಿ ದೇವರಾಜ ಅರಸು ಕಾಲಕ್ಕೆ ಹಿಂದುಳಿದ ವರ್ಗದ ಮಕ್ಕಳಿಗೂ ಹಾಸ್ಟೆಲ್‌ಗಳು ಹೆಚ್ಚಿದವು. ತಗಡಿನ ಟ್ರಂಕು, ಸಾಲಾಗಿ ಕೂತು ಉಣ್ಣುವ ತಟ್ಟೆ, ಪಕ್ಕದ ಚಾಪೆಯಲ್ಲಿ ಬೇರೆ ಜಾತಿಯ ಗೆಳೆಯ: ಇದೂ ಒಂದು ಪಾಠವೇ.

ಹಾಸ್ಟೆಲನ್ನು ನಾವು ಪುಕ್ಕಟೆ ಊಟದ ಮನೆ ಅನ್ನುವುದು ಬೇಡ. ನಿಮ್ಮೂರಿನ ಮೊದಲ ಮೇಷ್ಟ್ರು, ಮೊದಲ ನರ್ಸಮ್ಮ ಎಲ್ಲಿ ಉಂಡು ಓದಿದರು, ಒಮ್ಮೆ ಕೇಳಿ ನೋಡಿ.