ಬಾಳೆಹಣ್ಣಿನ ಪ್ಯಾಕಿಂಗ್: ಇತಿಹಾಸ

ಕಟಾವಾದ ಬಾಳೆಕಾಯಿಯನ್ನು ಪೆಟ್ಟಿನಿಂದ, ಒಣಗುವಿಕೆಯಿಂದ ಮತ್ತು ಅಕಾಲದಲ್ಲಿ ಹಣ್ಣಾಗುವುದರಿಂದ ಕಾಯ್ದು ಮಾರುಕಟ್ಟೆ ಮುಟ್ಟಿಸುವ ಹೊದಿಕೆ ಹಾಗೂ ಪೆಟ್ಟಿಗೆಗಳ ವ್ಯವಸ್ಥೆಗೆ ಬಾಳೆಹಣ್ಣಿನ ಪ್ಯಾಕಿಂಗ್ ಎನ್ನುತ್ತಾರೆ. 19ನೆಯ ಶತಮಾನದ ಕೊನೆಗೆ ಗೊನೆಗಳು ಇಡಿಯಾಗಿ ಹಡಗು ಏರುತ್ತಿದ್ದವು. 1960ರ ದಶಕದಲ್ಲಿ ರಟ್ಟಿನ ಪೆಟ್ಟಿಗೆ, ಅದರೊಳಗೆ ಪಾಲಿಥೀನ್ ಹಾಳೆ ರೂಢಿಗೆ ಬಂದವು. ಈ ಬದಲಾವಣೆಯ ಹಿಂದಿದ್ದ ದೊಡ್ಡ ಕಾರಣ ಬಾಳೆ ತೋಟಗಳಿಗೆ ತಗುಲಿದ ಒಂದು ರೋಗ.

ಕೊಯ್ಲಿನ ನಂತರದ ಕಾಯಿ

ಗೊನೆ ಕಡಿದ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಶಾಖವನ್ನು ಹೊರಬಿಡುತ್ತದೆ. ಮಾಗುವ ಗಳಿಗೆಯಲ್ಲಿ ಎಥಿಲೀನ್ ಅನಿಲ ಸೂಸುತ್ತದೆ. ಆ ಅನಿಲ ಪಕ್ಕದ ಕಾಯಿಗಳನ್ನೂ ಮಾಗಿಸುತ್ತದೆ. ಸಾಗಣೆಯಲ್ಲಿ ಒಂದು ಗೊನೆ ಹಣ್ಣಾದರೆ ಉಳಿದವೂ ಹಣ್ಣಾಗುವುದು ಇದರಿಂದಲೇ. ಕಿತ್ತಳೆಯ ಜೊತೆಗಿಟ್ಟ ಬಾಳೆ ಬೇಗ ಮಾಗುತ್ತದೆ ಎಂದು 1910ರಲ್ಲಿ ಜಮೈಕಾದಿಂದ ವರದಿಯಾಗಿತ್ತು. ಮಾಗುವ ಹಣ್ಣು ತಾನೇ ಎಥಿಲೀನ್ ಉತ್ಪಾದಿಸುತ್ತದೆ ಎಂಬುದನ್ನು 1934ರಲ್ಲಿ ಇಂಗ್ಲೆಂಡಿನ ಆರ್. ಗೇನ್ ಸೇಬಿನ ಮೇಲಿನ ಪ್ರಯೋಗದಿಂದ ತೋರಿಸಿದರು.

ಸೇಬಿನಂತೆ ಬಾಳೆಯನ್ನು ಸೊನ್ನೆ ಡಿಗ್ರಿಯ ಹತ್ತಿರ ಇಡಲಾಗದು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಿಪ್ಪೆ ಕಂದಿ ಮಂಕಾಗುತ್ತದೆ, ಕಾಯಿ ಸರಿಯಾಗಿ ಹಣ್ಣಾಗುವುದಿಲ್ಲ. ಚಳಿಯ ನೆರವಿಗೆ ಈ ಮಿತಿ ಇರುವುದರಿಂದ ಉಳಿದ ಕೆಲಸ ಹೊದಿಕೆಯ ಮೇಲೆ ಬೀಳುತ್ತದೆ.

ಗೊನೆಯ ಕಾಲ

1870ರಲ್ಲಿ ಅಮೆರಿಕದ ನಾವಿಕ ಲೊರೆಂಜೊ ಡೌ ಬೇಕರ್ ಜಮೈಕಾದಲ್ಲಿ 160 ಗೊನೆ ಕೊಂಡು ಜರ್ಸಿ ಸಿಟಿಯಲ್ಲಿ ಲಾಭಕ್ಕೆ ಮಾರಿದ. 1901ರಲ್ಲಿ ಪೋರ್ಟ್ ಮೊರಾಂಟ್ ಎಂಬ ಶೀತಲ ಹಡಗು ಜಮೈಕಾದಿಂದ ಇಂಗ್ಲೆಂಡಿನ ಏವನ್‌ಮತ್ ಬಂದರಿಗೆ ಬಾಳೆ ಒಯ್ದಿತು. ಆಗ ವ್ಯಾಪಾರದಲ್ಲಿದ್ದ ತಳಿ ಗ್ರೋ ಮಿಶೆಲ್. ಇದರ ಸಿಪ್ಪೆ ದಪ್ಪ, ಚಿಪ್ಪುಗಳು ದಿಂಡಿಗೆ ಒತ್ತಾಗಿ ಅಂಟಿಕೊಂಡಿರುತ್ತಿದ್ದವು. ಕೂಲಿಗಳು ಹೆಗಲ ಮೇಲೆ ಹೊತ್ತು ತಂದ ಗೊನೆಗಳನ್ನು ಹಡಗಿನ ಒಡಲಲ್ಲಿ ಹಾಗೇ ಪೇರಿಸಿದರೂ ಬಹುಪಾಲು ಸರಕು ಚೆನ್ನಾಗಿಯೇ ದಡ ಸೇರುತ್ತಿತ್ತು. ಪೆಟ್ಟಿಗೆಯ ಅಗತ್ಯವೇ ಕಂಡಿರಲಿಲ್ಲ.

ಪೆಟ್ಟಿಗೆಯ ಬರವು

ಮಣ್ಣಿನ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗ ಮಧ್ಯ ಅಮೆರಿಕದ ಗ್ರೋ ಮಿಶೆಲ್ ತೋಟಗಳನ್ನು ಒಂದೊಂದಾಗಿ ಹಾಳುಗೆಡವಿತು. 1950 ಮತ್ತು 60ರ ದಶಕಗಳಲ್ಲಿ ಕಂಪನಿಗಳು ಈ ರೋಗವನ್ನು ತಾಳಿಕೊಳ್ಳುವ ಕ್ಯಾವೆಂಡಿಶ್ ಗುಂಪಿನ ತಳಿಗಳಿಗೆ ಹೊರಳಿದವು. ನಮ್ಮ ಪಚ್ಚಬಾಳೆ ಇದೇ ಗುಂಪಿನದು. ಆದರೆ ಕ್ಯಾವೆಂಡಿಶ್ ಸಿಪ್ಪೆ ಸೂಕ್ಷ್ಮ. ಒಂದಕ್ಕೊಂದು ತಾಗಿದರೂ ಕಪ್ಪುಗಟ್ಟುತ್ತದೆ. ಗೊನೆಯನ್ನು ಇಡಿಯಾಗಿ ಸಾಗಿಸುವುದು ನಷ್ಟದ ಬಾಬತ್ತಾಯಿತು. ಸ್ಟ್ಯಾಂಡರ್ಡ್ ಫ್ರೂಟ್ ಕಂಪನಿ 1950ರ ದಶಕದ ಕೊನೆಯಲ್ಲಿ ರಟ್ಟಿನ ಪೆಟ್ಟಿಗೆ ಬಳಕೆಗೆ ತಂದಿತು, ಯುನೈಟೆಡ್ ಫ್ರೂಟ್ ಅದೇ ದಾರಿ ಹಿಡಿಯಿತು. 40 ಪೌಂಡ್, ಅಂದರೆ 18.14 ಕಿಲೋ ಹಿಡಿಯುವ ಪೆಟ್ಟಿಗೆ ಜಾಗತಿಕ ವ್ಯಾಪಾರದ ಅಳತೆಯಾಯಿತು.

ಪೆಟ್ಟಿಗೆಯೊಂದಿಗೆ ತೋಟದ ಕೆಲಸವೂ ಬದಲಾಯಿತು. ತೋಟದ ಬದಿಯಲ್ಲೇ ಪ್ಯಾಕಿಂಗ್ ಶೆಡ್‌ಗಳು ಎದ್ದವು. ಗೊನೆಯಿಂದ ಚಿಪ್ಪು ಬಿಡಿಸಿ, ಕಲೆ ಹಿಡಿಸುವ ಸೊನೆ ಹೋಗುವಂತೆ ನೀರಿನ ತೊಟ್ಟಿಯಲ್ಲಿ ತೊಳೆದು ಜೋಡಿಸುವ ಕ್ರಮ ಬಂತು. ಇದರಿಂದ ಹೊಸ ತೊಂದರೆಯೂ ಹುಟ್ಟಿತು: ಚಿಪ್ಪು ಕತ್ತರಿಸಿದ ಗಾಯದಲ್ಲಿ ಶಿಲೀಂಧ್ರ ಸೇರಿ ಕೊಳೆ ಬರತೊಡಗಿ, ಆ ಜಾಗಕ್ಕೆ ಶಿಲೀಂಧ್ರನಾಶಕ ಹಚ್ಚಬೇಕಾಯಿತು.

ಪಾಲಿಥೀನ್ ಮತ್ತು ಒಳಗಿನ ಗಾಳಿ

ಬಾಳೆಗೆ ಶೇ. 90ರಿಂದ 95ರಷ್ಟು ತೇವದ ಗಾಳಿ ಬೇಕು. ಅದೇ ತೇವಕ್ಕೆ ರಟ್ಟು ಮೆತ್ತಗಾಗಿ ಕುಸಿಯುತ್ತದೆ. ಪೆಟ್ಟಿಗೆಯೊಳಗೆ ಹಾಸಿದ ಪಾಲಿಥೀನ್, ತೇವವನ್ನು ಕಾಯಿಯ ಬಳಿ ಉಳಿಸಿ ಈ ಬಿಕ್ಕಟ್ಟನ್ನು ಬಹುಮಟ್ಟಿಗೆ ಬಿಡಿಸಿತು. ಚೀಲದ ಬಾಯಿ ಬಿಗಿದರೆ ಇನ್ನೊಂದು ಲಾಭವೂ ಇತ್ತು. ಕಾಯಿಯ ಉಸಿರಿನಿಂದಲೇ ಒಳಗೆ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ, ಮಾಗುವಿಕೆ ನಿಧಾನವಾಗುತ್ತದೆ. ಆಸ್ಟ್ರೇಲಿಯಾದ ಕೆ. ಜೆ. ಸ್ಕಾಟ್ ಮತ್ತು ಇ. ಎ. ರಾಬರ್ಟ್ಸ್ 1966ರಲ್ಲಿ ಇದನ್ನು ಬಾಳೆಯಲ್ಲಿ ತೋರಿಸಿದರು. 1970ರಲ್ಲಿ ಸ್ಕಾಟ್ ಮತ್ತು ಸಂಗಡಿಗರು ಚೀಲದೊಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಇಟ್ಟು ಎಥಿಲೀನನ್ನು ಹೀರಿಸುವ ವಿಧಾನ ಪ್ರಕಟಿಸಿದರು.

ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಎರಡೂ ಶೇ. 2ರಿಂದ 5ರ ನಡುವೆ ಇದ್ದರೆ ಬಾಳೆಗೆ ಹಿತ. ಆಮ್ಲಜನಕ ತೀರಾ ತಗ್ಗಿದರೆ ಹಣ್ಣು ಹುಳಿತು ಕೆಟ್ಟ ವಾಸನೆ ಬರುತ್ತದೆ. ಹಾಗಾಗಿ ಹಾಳೆಯ ದಪ್ಪ, ತೂತು, ಕಾಯಿಯ ತೂಕ, ಸಾಗಣೆಯ ಉಷ್ಣತೆ ಒಂದಕ್ಕೊಂದು ಹೊಂದಬೇಕು. ಮಾಗಿಸುವ ಕೋಣೆಗೆ ಬಂದಾಗ ಲೆಕ್ಕ ತಿರುವುಮುರುವು: ಅಲ್ಲಿ ಎಥಿಲೀನ್ ಒಳನುಗ್ಗಬೇಕು, ಶಾಖ ಹೊರಹೋಗಬೇಕು. ಪೆಟ್ಟಿಗೆಯ ಗಾಳಿಕಂಡಿಗಳು ಇದಕ್ಕೂ ಒದಗುತ್ತವೆ.

ಭಾರತ ಮತ್ತು ಕರ್ನಾಟಕ

ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಬಾಳೆ ಬೆಳೆಯುವ ದೇಶ, ಬೆಳೆದದ್ದರಲ್ಲಿ ಬಹುಪಾಲು ಇಲ್ಲೇ ಖರ್ಚಾಗುತ್ತದೆ. ಲಾರಿಯಲ್ಲಿ ಒಣ ಬಾಳೆಎಲೆ ಹಾಸಿ ಗೊನೆ ಪೇರಿಸುವ ಪದ್ಧತಿ ಇನ್ನೂ ಇದೆ. ಪ್ಲಾಸ್ಟಿಕ್ ಕ್ರೇಟ್ ಮತ್ತು ರಟ್ಟಿನ ಪೆಟ್ಟಿಗೆ ಅದರ ಜೊತೆಗೇ ಬೆಳೆದಿವೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ತೇವ ಆರದಂತೆ ಹಣ್ಣಿಗೆ ಮೇಣದ ಎಮಲ್ಷನ್ ಲೇಪಿಸುವ ವಿಧಾನ ರೂಪಿಸಿತು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಕೆನಡಾ ಮತ್ತು ಶ್ರೀಲಂಕಾದ ಸಂಸ್ಥೆಗಳೊಡನೆ, ಸಿಪ್ಪೆಯ ಜೀವಕೋಶಗಳ ಪೊರೆ ಸಡಿಲಾಗುವುದನ್ನು ನಿಧಾನಿಸುವ ಹೆಕ್ಸನಾಲ್ ಎಂಬ ಸಸ್ಯಜನ್ಯ ರಾಸಾಯನಿಕ ಸೇರಿಸಿದ ಹೊದಿಕೆಗಳನ್ನು ಬಾಳೆನಾರಿನಿಂದ ತಯಾರಿಸಿತು. ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದಕ್ಕೆ ದೇಶದಲ್ಲಿ ನಿಷೇಧವಿದೆ. ಎಥಿಲೀನ್ ಅನಿಲವನ್ನು ದಶಲಕ್ಷಕ್ಕೆ 100 ಭಾಗದವರೆಗೆ ಬಳಸಬಹುದು.

ಮುಂದಿನ ಪ್ರಶ್ನೆ

ಗ್ರೋ ಮಿಶೆಲ್ ತಳಿಯನ್ನು ಕಂಗೆಡಿಸಿದ ಸೊರಗು ರೋಗ ನಂಜನಗೂಡು ರಸಬಾಳೆಯನ್ನೂ ಕಾಡಿದೆ. ಅದೇ ಶಿಲೀಂಧ್ರದ ಟಿಆರ್-4 ಎಂಬ ಬಗೆ ಈಗ ಕ್ಯಾವೆಂಡಿಶ್‌ಗೂ ಕುತ್ತು ತಂದಿದೆ, ಭಾರತದಲ್ಲೂ ಕಾಣಿಸಿದೆ. ಇಂದಿನ ಪೆಟ್ಟಿಗೆ, ಹಾಳೆಯ ದಪ್ಪ, ಕೋಣೆಯ ಉಷ್ಣತೆ ಎಲ್ಲವೂ ಒಂದೇ ತಳಿಗುಂಪಿನ ಸಿಪ್ಪೆ ಮತ್ತು ಉಸಿರಾಟಕ್ಕೆ ಲೆಕ್ಕ ಹಾಕಿದವು. ತಳಿ ಬದಲಾದರೆ ಆ ಲೆಕ್ಕಗಳನ್ನೂ 1950ರ ದಶಕದಲ್ಲಿ ಆದಂತೆ ಮತ್ತೆ ಹಾಕಬೇಕಾಗುತ್ತದೆ.