ಪಕ್ಕಾ: ಒಂದು ಪದದ ಎರಡು ದಾರಿ

ಇಂಗ್ಲಿಷ್ ನಿಘಂಟುಗಳು ‘ಪಕ್ಕಾ’ ಎಂಬುದನ್ನು ಆಡುಮಾತಿನ ಗುಣವಾಚಕವೆಂದು ಗುರುತಿಸಿ ‘ಅಸಲಿ’, ‘ಮೇಲ್ದರ್ಜೆಯ’ ಎಂಬ ಅರ್ಥಗಳನ್ನು ಕೊಡುತ್ತವೆ. 1999ರಲ್ಲಿ ಬಿಬಿಸಿಯ ‘ದಿ ನೇಕೆಡ್ ಶೆಫ್’ ಕಾರ್ಯಕ್ರಮದಲ್ಲಿ ಬಾಣಸಿಗ ಜೇಮಿ ಆಲಿವರ್ ರುಚಿಯಾದದ್ದಕ್ಕೆಲ್ಲ ಪಕ್ಕಾ ಅನ್ನತೊಡಗಿದ ಮೇಲೆ ಬ್ರಿಟನ್ನಿನಲ್ಲಿ ಅದು ಮನೆಮಾತಾಯಿತು. ಬೆಂಗಳೂರಿನ ಶ್ರೀನಗರದಲ್ಲೂ ಈ ಪದ ದಿನವಿಡೀ ಕಿವಿಗೆ ಬೀಳುತ್ತದೆ. ಆದರೆ ಇಲ್ಲಿ ದೋಸೆ ಚೆನ್ನಾಗಿದ್ದರೆ ಸೂಪರ್ ಅನ್ನುತ್ತಾರೆ, ಸಕತ್ ಅನ್ನುತ್ತಾರೆ, ಪಕ್ಕಾ ಅನ್ನುವವರಿಲ್ಲ. ಇಂಗ್ಲಿಷಿನಲ್ಲಿ ದರ್ಜೆಗೂ ರುಚಿಗೂ ಹೊರಳಿದ ಪದ ಕನ್ನಡದಲ್ಲಿ ಲೆಕ್ಕ ಮತ್ತು ನಂಬಿಕೆಯ ಸುತ್ತಲೇ ಬೆಳೆದಿದೆ ಎಂಬುದು ನನ್ನ ವಾದ.

ಮೂಲ ಒಂದೇ. ಸಂಸ್ಕೃತದ ‘ಪಕ್ವ’ ಪ್ರಾಕೃತದಲ್ಲಿ ‘ಪಕ್ಕ’ವಾಗಿ, ಹಿಂದಿ, ದಖನಿ, ಮರಾಠಿಗಳಲ್ಲಿ ‘ಪಕ್ಕಾ’ ಆಯಿತು. ಹಣ್ಣಾದದ್ದು, ಬೆಂದದ್ದು, ಅದರಿಂದ ಗಟ್ಟಿಯಾದದ್ದು. ಕನ್ನಡ ‘ಪಕ್ವ’ವನ್ನು ನೇರವಾಗಿ ಪಡೆದು ಉಳಿಸಿಕೊಂಡಿತ್ತು, ‘ಪಕ್ಕಾ’ ಆಮೇಲೆ ಬೇರೆ ಬಾಗಿಲಿನಿಂದ ಬಂತು. ಜಮಾ, ಖರ್ಚು, ಬಾಕಿ, ರಸೀದಿ ಬಂದ ಆಡಳಿತ ಮತ್ತು ವ್ಯಾಪಾರದ ಬಾಗಿಲೇ ಅದು ಎಂದು ಭಾವಿಸಲು ಆಧಾರವಿದೆ. 1638ರಿಂದ ಬೆಂಗಳೂರು ಮರಾಠಾ ಸರದಾರ ಷಹಜಿಯ ಜಹಗೀರಾಗಿತ್ತು. ದಖನಿ, ಮರಾಠಿ ಬಲ್ಲ ಲೆಕ್ಕಿಗರು ಈ ಸೀಮೆಗೆ ಹೊಸಬರಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ (1807) ಇಲ್ಲಿನ ಅಳತೆಗಳನ್ನು ದಾಖಲಿಸುವಾಗ ಕಚ್ಚಾ ಸೇರು, ಪಕ್ಕಾ ಸೇರು ಎರಡನ್ನೂ ಹೆಸರಿಸುತ್ತಾನೆ. ಕಚ್ಚಾ ಸೇರು ಚಿಕ್ಕದು, ಪಕ್ಕಾ ಸೇರು ದೊಡ್ಡದು. ಕೊಳ್ಳುವವನಿಗೆ ಇದು ಭಾಷೆಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆ.

ಇಂಗ್ಲಿಷಿನ ದಾರಿಯನ್ನು ತಿಳಿಯಲು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ರಚಿಸಿದ ‘ಹಾಬ್ಸನ್-ಜಾಬ್ಸನ್’ (1886) ನಿಘಂಟಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಕಚ್ಚಾ-ಪಕ್ಕಾ ಜೋಡಿಯನ್ನು ಆಂಗ್ಲರು ಎಲ್ಲೆಲ್ಲಿ ಬಳಸುತ್ತಿದ್ದರೆಂದು ಅದರಲ್ಲಿ ಎದುರುಬದುರಾಗಿ ಪಟ್ಟಿ ಮಾಡಿದ್ದಾರೆ: ಇಟ್ಟಿಗೆ, ಮನೆ, ರಸ್ತೆ, ನೌಕರಿ, ಲೆಕ್ಕ, ಬಟ್ಟೆಯ ಬಣ್ಣ, ಜ್ವರ, ದರ್ಜಿಯ ಹೊಲಿಗೆ, ಕೊನೆಗೆ ಫಟಿಂಗನೂ ಸೇರಿ. ಒಂದು ಗುಣವಾಚಕ ಪರಭಾಷೆಯಲ್ಲಿ ಇಷ್ಟು ಆಳಕ್ಕೆ ಬೇರು ಬಿಟ್ಟದ್ದು ಅಪರೂಪ. ಮುಂದೆ ‘ಪಕ್ಕಾ ಸಾಹಿಬ್’ ಎಂಬ ನುಡಿಗಟ್ಟು ಆಳುವವರ ಗತ್ತಿನ ಗುರುತಾಯಿತು. ಜಾರ್ಜ್ ಆರ್ವೆಲ್ ‘ಬರ್ಮೀಸ್ ಡೇಸ್’ನಲ್ಲಿ (1934) ಆ ಗತ್ತಿನ ಟೊಳ್ಳುತನವನ್ನೇ ಬಿಚ್ಚಿಟ್ಟ. ಇಟ್ಟಿಗೆಯ ಗಟ್ಟಿತನ ಹೇಳುತ್ತಿದ್ದ ಪದ ಮನುಷ್ಯನ ಅಂತಸ್ತು ಹೇಳತೊಡಗಿದ್ದು ಹೀಗೆ.

ಕನ್ನಡದಲ್ಲಿ ಅಂತಸ್ತಿನ ಆ ಅರ್ಥ ಬೇರೂರಲಿಲ್ಲ. ಮೆಟ್ರಿಕ್ ಪದ್ಧತಿ ಬಂದು ಸೇರು ಹೋಯಿತು, ಪಕ್ಕಾ ಉಳಿಯಿತು. ಶ್ರೀನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು, ನಲ್ಲಿ ಕೊಂಡವರನ್ನು ಈಗಲೂ ಕೇಳುವುದುಂಟು: “ಪಕ್ಕಾ ಬಿಲ್ ಬೇಕಾ, ಕಚ್ಚಾ ಸಾಕಾ?” ಒಂದು ತೆರಿಗೆ ಸಮೇತ ಅಚ್ಚಾದ ಬಿಲ್ಲು, ಇನ್ನೊಂದು ಪೆನ್ನಿನಲ್ಲಿ ಗೀಚಿದ ಚೀಟಿ. ಯೂಲ್ ದಾಖಲಿಸಿದ ಲೆಕ್ಕದ ಜೋಡಿ ಇದೇ. ಬೇರೆಡೆ ಜೋಡಿ ಮುರಿದಿದೆ. ಪತ್ರಿಕೆಯಲ್ಲಿ ಕಚ್ಚಾ ತೈಲವಿದೆ, ಪಕ್ಕಾ ತೈಲವಿಲ್ಲ. ಅದಕ್ಕೆ ‘ಸಂಸ್ಕರಿಸಿದ’ ಎಂಬುದೇ ವಿರುದ್ಧಪದ.

ವ್ಯಾಕರಣದಲ್ಲೂ ಈ ಪದ ವಿಶೇಷವಾದದ್ದು. ಹಿಂದಿಯಲ್ಲಿ ಲಿಂಗ, ವಚನಕ್ಕೆ ತಕ್ಕಂತೆ ಪಕ್ಕೀ, ಪಕ್ಕೇ ಎಂದು ಮಾರ್ಪಡುವುದು ಕನ್ನಡದಲ್ಲಿ ಒಂದೇ ರೂಪದಲ್ಲಿ ನಿಂತಿತು. ಕೊನೆಯ ದೀರ್ಘವನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ‘ಪಕ್ಷ’ದಿಂದ ಬಂದ ‘ಪಕ್ಕ’ದೊಡನೆ ಕಲೆತುಹೋಗುತ್ತಿತ್ತು. ಪಕ್ಕದ ಮನೆ ಬೇರೆ, ಪಕ್ಕಾ ಮನೆ ಬೇರೆ. ಜಯನಗರದಲ್ಲಿ ನೆಲೆಸಿದ್ದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯ (1913–2021) ಎರವಲು ಪದಗಳಿಗೆಂದೇ ಒಂದು ಕೋಶ ರಚಿಸಿದರು. ಅವರು ಹಿಡಿದ ಆ ಕೆಲಸವನ್ನು ಆಡುಮಾತಿಗೂ ಮುಂದುವರಿಸಬೇಕು. ಏಕೆಂದರೆ ಈಗಿನ ಹುಡುಗರ ಬಾಯಲ್ಲಿ ಪಕ್ಕಾ ಗುಣವಾಚಕದ ಗಡಿ ದಾಟಿದೆ. “ನಾಳೆ ಪಕ್ಕಾ ಬರ್ತೀನಿ” ಎಂಬಲ್ಲಿ ಅದು ಕ್ರಿಯಾವಿಶೇಷಣ. “ಪಕ್ಕಾನಾ?” ಎಂದು ಕೇಳಿ “ಪಕ್ಕಾ” ಎಂದು ಉತ್ತರಿಸಿದರೆ ಅದೇ ಒಂದು ಇಡೀ ವಾಕ್ಯ, ಕೊಟ್ಟ ಮಾತು.