ಹಂಪಿಯ ಚೂರು, ವಿಜಯಪುರದ ತಟ್ಟೆ

ಹಳೆಯ ಚೀನಿ ಪಿಂಗಾಣಿ ಕೈಗೆ ಬಂದರೆ ಎಲ್ಲರೂ ಮೊದಲು ಅದನ್ನು ಮಗುಚಿ ಅಡಿ ನೋಡುತ್ತಾರೆ. ನೀಲಿಯಲ್ಲಿ ಬರೆದ ನಾಲ್ಕೋ ಆರೋ ಅಕ್ಷರಗಳು ಕಂಡರೆ ಕಾಲ ತಿಳಿಯಿತೆಂದುಕೊಳ್ಳುತ್ತಾರೆ. ಆದರೆ ಅಷ್ಟು ಸುಲಭವಾಗಿ ಮೋಸಹೋಗುವ ಜಾಗ ಇನ್ನೊಂದಿಲ್ಲ. ಮಿಂಗ್ ದೊರೆ ಚೆಂಗ್‌ಹ್ವಾ ಆಳಿದ್ದು 1465ರಿಂದ 1487ರವರೆಗೆ. ಎರಡು ಶತಮಾನ ಕಳೆದು ಚಿಂಗ್ ದೊರೆ ಕಾಂಗ್‌ಷಿ ಆಳುವಾಗಲೂ ಕುಂಬಾರರು ಚೆಂಗ್‌ಹ್ವಾನ ಹೆಸರನ್ನು ಬರೆಯುತ್ತಿದ್ದರು, ಹಲವು ಸಲ ಹಳೆಯ ಕೆಲಸದ ಮೇಲಿನ ಗೌರವದಿಂದಲೇ. ಹೊರನಾಡಿಗೆಂದು ಚೀನದ ಜಿಂಗ್‌ಡೆಜೆನ್ ಭಟ್ಟಿಗಳಲ್ಲಿ ಸುಟ್ಟ ಸರಕಿನ ಬಹುಪಾಲಿಗಂತೂ ದೊರೆಯ ಮುದ್ರೆಯೇ ಇರಲಿಲ್ಲ. ಇಂಗ್ಲಿಷಿನಲ್ಲಿ ‘ಚೈನಾ’ ಎಂದಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ ಮಾಲು. ತಯಾರಾದ ದೇಶದ ಹೆಸರು ಇರಲೇಬೇಕೆಂಬ ಅಮೆರಿಕದ ಸುಂಕದ ನಿಯಮ ಆಗ ಜಾರಿಗೆ ಬಂತು.

ಪಿಂಗಾಣಿಯ ಅಧ್ಯಯನ ಮುಂದುವರಿದದ್ದೆಲ್ಲ ಮುದ್ರೆಯನ್ನು ಬಿಟ್ಟು ಬೇರೆ ಸಾಕ್ಷಿಗಳನ್ನು ಹಿಡಿದಾಗಲೇ. 19ನೆಯ ಶತಮಾನದಲ್ಲಿ ಫ್ರಾನ್ಸಿನ ಆಲ್ಬರ್ ಜಾಕ್ಮಾರ್ ಹಸಿರು, ಗುಲಾಬಿ ಎಂದು ಬಣ್ಣದ ಮೇಲೆ ಕುಲಗಳನ್ನು ವಿಂಗಡಿಸಿದ. ಹೆಸರು ನಿಂತಿತು, ಕಾಲ ತಿಳಿಯಲಿಲ್ಲ. ದೇವಾಲಯಕ್ಕೆ ಒಪ್ಪಿಸಿದ, 1351ರ ತೇದಿ ಬರೆದ ಹೂದಾನಿಗಳ ಜೋಡಿಯೊಂದನ್ನು ಆಧಾರವಾಗಿಟ್ಟುಕೊಂಡು ಜಾನ್ ಅಲೆಕ್ಸಾಂಡರ್ ಪೋಪ್ ಇಸ್ತಾಂಬುಲ್ಲಿನ ಅರಮನೆ ಸಂಗ್ರಹದ ನೀಲಿ-ಬಿಳಿ ಪಾತ್ರೆಗಳನ್ನು 14ನೆಯ ಶತಮಾನದವೆಂದು 1952ರಲ್ಲಿ ಗುರುತಿಸಿದರು. ಆಮೇಲೆ ಮುಳುಗಿದ ಹಡಗುಗಳು ಮಾತಾಡತೊಡಗಿದವು. ಸೇಂಟ್ ಹೆಲೆನಾ ಬಳಿ 1613ರಲ್ಲಿ ಮುಳುಗಿದ ಡಚ್ಚರ ‘ವಿಟ್ಟೆ ಲೇವ್’ ಹಡಗಿನಲ್ಲಿ ಸಿಕ್ಕ, ಅಂಚೆಲ್ಲ ಪಟ್ಟಿಪಟ್ಟಿಯಾಗಿ ಚಿತ್ರಿಸಿದ ‘ಕ್ರಾಕ್’ ತಟ್ಟೆಗಳಿಗೆ ಕಾಲದ ಮೇಲ್ಮಿತಿ ದೊರೆಯಿತು. ಹಡಗು ಮುಳುಗಿದ ದಿನದ ನಂತರ ಅದರೊಳಕ್ಕೆ ಒಂದು ಬಟ್ಟಲೂ ಸೇರಲಾರದಷ್ಟೆ.

ಕರ್ನಾಟಕಕ್ಕೆ ಇಂಥದೇ ಒಂದು ಗಡಿ ಇದೆ, ಅದು ವಿಜಯನಗರ ಬಿದ್ದ 1565. ಹಂಪಿಯಲ್ಲಿ ಗಣ್ಯರು ವಾಸಿಸುತ್ತಿದ್ದರೆಂದು ಗುರುತಿಸಿದ ಭಾಗದ ಉತ್ಖನನದಲ್ಲಿ ಸ್ಥಳೀಯ ಮಡಕೆ ಚೂರುಗಳ ರಾಶಿಯ ನಡುವೆ ಚೀನಿ ಪಿಂಗಾಣಿಯ ತುಣುಕುಗಳು ಸಿಕ್ಕಿವೆ. ಯಾವ ಮನೆ, ಯಾವ ಪದರ, ಜೊತೆಗೆ ಏನಿತ್ತು ಎಂಬುದೆಲ್ಲ ಅವುಗಳೊಂದಿಗೆ ಉಳಿದಿದೆ. ವಿಜಯಪುರದ ಗೋಲ ಗುಮ್ಮಟದ ಆವರಣದ ವಸ್ತುಸಂಗ್ರಹಾಲಯದಲ್ಲಿರುವ ಚೀನಿ ಪಾತ್ರೆಗಳು ಕಣ್ಣಿಗೆ ಎಷ್ಟೋ ಚೆಲುವು; ಆದಿಲ್‌ಶಾಹಿ ಆಸ್ಥಾನದ ರುಚಿಯನ್ನು ಅವು ತೋರಿಸುತ್ತವೆ. ಆದರೂ ಕಾಲನಿರ್ಣಯದ ಮಟ್ಟಿಗೆ ಹಂಪಿಯ ಅಂಗೈಯಗಲದ ಚೂರೇ ಹೆಚ್ಚು ಬೆಲೆಯುಳ್ಳದ್ದೆಂದು ನಾನು ವಾದಿಸುತ್ತೇನೆ. ಹಂಪಿಯ ನೆಲವನ್ನು ನಿಧಿಗಳ್ಳರು ಶತಮಾನಗಳಿಂದ ಕೆದಕಿದ್ದಾರೆ, ಗಡಿ ಎಲ್ಲಿ ಉಳಿಯಿತು ಎಂದು ಕೇಳಬಹುದು. ಒಂಟಿ ಚೂರಿಗೆ ಈ ಸಂಶಯ ಸಲ್ಲುತ್ತದೆ, ರಾಶಿಗೆ ಸಲ್ಲದು. ವಾನ್‌ಲಿ ದೊರೆಯ ವರ್ಷಗಳ ಎಣಿಕೆ ಶುರುವಾಗುವುದು 1573ರಿಂದ. ಅವನ ಕಾಲದ ಚೂರುಗಳು ಅಲ್ಲಿ ರಾಶಿಯಾಗಿ ಕಂಡರೆ ನಗರ ಬಿದ್ದ ಮೇಲೂ ಯಾರೋ ಅಲ್ಲಿ ಉಂಡರೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ.

ಪ್ರಯೋಗಾಲಯವೇ ಎಲ್ಲವನ್ನೂ ತೀರ್ಮಾನಿಸಲಿ ಎನ್ನುವವರೂ ಇದ್ದಾರೆ. ನೀಲಿ ಬಣ್ಣದ ಕೋಬಾಲ್ಟ್‌ನಲ್ಲಿ ಕಬ್ಬಿಣ ಹೆಚ್ಚೋ ಮ್ಯಾಂಗನೀಸ್ ಹೆಚ್ಚೋ ಎಂಬುದರಿಂದ ಅದು ಹೊರಗಿನಿಂದ ಬಂದ ಅದಿರೋ ಚೀನದ್ದೋ ಎಂದು ಊಹಿಸಬಹುದು, ನಿಜ. ಆದರೆ ಆ ಅಳತೆಗೂ ಕಾಲ ತಿಳಿದ ಮಾದರಿಗಳೇ ಬೇಕು. ಇನ್ನು ಹಣದ ಬೆಲೆ. ಡಚ್ ಹಡಗು ‘ಗೆಲ್ಡರ್‌ಮಾಲ್ಸನ್’ ಮುಳುಗಿದ್ದು 1752ರಲ್ಲಿ. ಅದರ ಒಂದೂವರೆ ಲಕ್ಷದಷ್ಟು ಪಾತ್ರೆಗಳನ್ನು 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜು ಹಾಕಿದಾಗ ದಿನಬಳಕೆಯ ಚಹಾ ಬಟ್ಟಲುಗಳೂ ದುಬಾರಿಯಾದವು. ಜನ ಕೊಂಡದ್ದು ಅವು ಎಲ್ಲಿ ಸಿಕ್ಕವೆಂಬ ಸಂಗತಿಯನ್ನು. ಅಂಥ ಹರಾಜಿನ ಅಂಕಿ ನೋಡಿ ನಮ್ಮ ಮನೆಯ ತಟ್ಟೆಗೆ ಬೆಲೆ ಕಟ್ಟುವುದು ತಪ್ಪು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲವೆಂದು ಭಾರತದ 1972ರ ಕಾಯ್ದೆ ಹೇಳುತ್ತದೆ. ಆ ಪೇಟೆ ನಮಗೆ ತೆರೆದಿಲ್ಲ.

ಇನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ 1565ರಂಥ ಕಡಿದ ಗಡಿ ಇಲ್ಲ. ಹುಕ್ಕೇರಿಯ ಗುಮ್ಮಟಗಳನ್ನು ಕಟ್ಟಿಸಿದ ಆದಿಲ್‌ಶಾಹಿ ಆಳ್ವಿಕೆ 1686ರವರೆಗೂ ನಡೆಯಿತು. ಹೀಗಾಗಿ ಈ ಸೀಮೆಯ ಮೇಲವಂಕಿಯ ಹೊಲದಲ್ಲೋ ಹುಕ್ಕೇರಿಯ ಹಾಳುಗೋಡೆಯ ಬುಡದಲ್ಲೋ ನೀಲಿ ಗೀರಿನ ಬಿಳಿ ಚೂರು ಎದ್ದರೆ ಅದನ್ನು ಒಂದು ಕಡೆ ಹಂಪಿಯ ಚೂರುಗಳಿಗೂ ಇನ್ನೊಂದು ಕಡೆ 1613ರ ಹಡಗಿನ ತಟ್ಟೆಗಳಿಗೂ ಹೋಲಿಸಿ ನೋಡಬೇಕಾಗುತ್ತದೆ. ಅದಕ್ಕೆ ಬೇಕಾದ್ದು ತೊಳೆಯದ ಚೂರು, ಮೆರುಗು ಹತ್ತದ ಅಡಿಬಳೆಯ ಚಿತ್ರ, ಸಿಕ್ಕ ಜಾಗದ ಸರ್ವೆ ನಂಬರು ಮತ್ತು ಎಷ್ಟು ಆಳದಲ್ಲಿತ್ತು ಎಂಬ ಟಿಪ್ಪಣಿ.